ಹೂಂ ಅಂದರೆ ಸಾಲದು, ಪುಟ್ಟಿ

ರಾಜಾಜಿನಗರ, ಬೆಂಗಳೂರು
ಭಾನುವಾರ ಮಧ್ಯಾಹ್ನ

ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಹಾಸನದಲ್ಲಿ ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಫೋನಿರುವಾಗ ಕಾಗದ ಯಾಕಮ್ಮ ಅನ್ನುತ್ತೀಯ. ಫೋನಿನಲ್ಲಿ ಈ ಮಾತು ಎತ್ತಿದಾಗಲೆಲ್ಲ ನೀನು "ಬಿಡ್ತು ಅನ್ನಮ್ಮಾ" ಅನ್ನುತ್ತೀಯ, ಅಷ್ಟರಲ್ಲಿ ಮಗು ಎದ್ದುಬಿಡುತ್ತದೆ. ಕಾಗದವಾದರೆ ಮಗು ಮಲಗಿದ ಮೇಲೆ ನಿಧಾನವಾಗಿ ಓದಬಹುದು, ಬೇಜಾರಾದರೆ ಮಡಿಸಿಟ್ಟು ನಾಳೆ ಓದಬಹುದು. ಗಾಬರಿ ಬೇಡ, ನನಗೆ ಏನೂ ಆಗಿಲ್ಲ. ಬಿಪಿ ಮಾತ್ರೆ ತಪ್ಪಿಸಿಲ್ಲ, ಬೆಳಗಿನ ವಾಕಿಂಗ್ ಬಿಟ್ಟಿಲ್ಲ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೋದ ಮೇಲೆ ನನ್ನ ಕಣ್ಣು ಕೊಡಬೇಕು. ಅಪ್ಪನದೂ ಅಷ್ಟೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು, ಬಾಯಿಬಿಟ್ಟು ಹೇಳಿದ ಒಪ್ಪಿಗೆ.

ನೇತ್ರದಾನದ ಕಾರ್ಡ್ ಮಾಡಿಸಿದ್ದೀರಲ್ಲ, ಸಹಿ ಹಾಕಿದ್ದೀರಲ್ಲ, ಮತ್ತೆ ನನ್ನನ್ನೇನು ಕೇಳುವುದು ಅಂತ ನಿನಗೆ ಅನ್ನಿಸಬಹುದು. ಹಿಂದಿನ ಕ್ರಾಸಿನ ರಾಯರು ಹೋಗುವವರೆಗೆ ನಾವೂ ಹಾಗೇ ಅಂದುಕೊಂಡಿದ್ದೆವು. ಅವರು ಹೋದ ಸುದ್ದಿ ನಿನಗೆ ಗೊತ್ತು, ಆ ಬೆಳಿಗ್ಗೆ ನಡೆದದ್ದು ಗೊತ್ತಿಲ್ಲ. ಅದನ್ನು ನಾನು ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ಬೆಳಗಿನ ಜಾವ ಐದು ಗಂಟೆಗೆ ಪ್ರಾಣ ಹೋಗಿತ್ತು. ನಾನೂ ಅಪ್ಪನೂ ಹೋದಾಗ ಆರೂಕಾಲು. ಹಾಲ್‌ನಲ್ಲಿ ಮಲಗಿಸಿದ್ದರು, ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ರಾಯರು ವಾಕಿಂಗ್‌ನಲ್ಲಿ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು, "ನಂದು ಬರೆಸಿಟ್ಟಾಗಿದೆ ಟೀಚರ್ರೇ, ಮನೆಯವರಿಗೂ ಗೊತ್ತು" ಅಂತ. ಕಾರ್ಡು ಬೀರುವಿನಲ್ಲಿ ಪಾಸ್‌ಬುಕ್ಕುಗಳ ಜೊತೆ ರಬ್ಬರ್ ಬ್ಯಾಂಡ್ ಹಾಕಿಟ್ಟಿತ್ತು. ಚಿಕ್ಕ ಮಗನನ್ನು ಪಕ್ಕಕ್ಕೆ ಕರೆದು ಕೇಳಿದೆ. ಫ್ಯಾನ್ ಆರಿಸಲು ಹೇಳಿದೆ, ಆರಿಸಿದ. "ನಂದೇನಿಲ್ಲ ಆಂಟಿ, ಅಮ್ಮನ್ನ ಒಂದು ಮಾತು ಕೇಳಿಬಿಡಿ" ಅಂದ. ಅಮ್ಮನ ಹತ್ತಿರ ಕೂತೆ. ಆಕೆ ನನ್ನ ಕೈ ಹಿಡಿದುಕೊಂಡು "ಮಕ್ಕಳು ಹೇಗೆ ಹೇಳ್ತಾರೋ ಹಾಗೆ" ಅಂದರು. ರಾಯರ ಭಾವ ಬಂದರು, "ಒಳ್ಳೇ ಕೆಲಸ, ಬೇಡ ಅನ್ನೋಕೆ ನಾವ್ಯಾರು, ದೊಡ್ಡವನು ಬಂದುಬಿಡಲಿ" ಅಂದರು. ದೊಡ್ಡವನು ಪುಣೆಯ ವಿಮಾನ ನಿಲ್ದಾಣದಲ್ಲಿದ್ದ. ಫೋನಿನಲ್ಲಿ "ನೀವೆಲ್ಲ ಸೇರಿ ಏನು ತೀರ್ಮಾನ ಮಾಡಿದರೂ ನನಗೆ ಓಕೆ" ಅಂದ. ಪುರೋಹಿತರನ್ನೂ ಕೇಳಿದರು, "ಶಾಸ್ತ್ರಕ್ಕೆ ಅಡ್ಡಿಯೇನಿಲ್ಲ, ಮನೆಯವರ ಮನಸ್ಸು" ಅಂದರು.

ನೋಡು ಪುಟ್ಟಿ, ಐದು ಜನ. ಒಬ್ಬರಾದರೂ ಬೇಡ ಅನ್ನಲಿಲ್ಲ. ಒಬ್ಬರಿಗೂ ಮನಸ್ಸಿನಲ್ಲಿ ವಿರೋಧವಿರಲಿಲ್ಲ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಆದರೆ "ಆಗಲಿ, ಫೋನ್ ಮಾಡಿ" ಎಂಬ ಎರಡು ಮಾತು ಯಾರ ಬಾಯಿಂದಲೂ ಬರಲಿಲ್ಲ. ನಾನು ಹೊರಗಿನವಳು, ಕೇಳುವ ಹಕ್ಕಿತ್ತು, ಕೇಳಿದೆ. ಹೇಳುವ ಹಕ್ಕು ಅವರದು. ದೊಡ್ಡವನು ಮನೆ ಮುಟ್ಟಿದಾಗ ಹನ್ನೊಂದೂವರೆ. ಕಣ್ಣು ತೆಗೆದುಕೊಳ್ಳಲು ಇರುವುದು ಸುಮಾರು ಆರು ಗಂಟೆಯ ಗಡುವು. ಅಷ್ಟು ಹೊತ್ತಿಗೆ ಅದು ಕಳೆದಿತ್ತು. ಅವನು ಬಾಗಿಲಲ್ಲೇ "ಅಪ್ಪನ ಕಣ್ಣು ಕೊಟ್ಟಿರಾ?" ಎಂದು ಕೇಳಿದ. ಆಮೇಲೆ ಆ ಮನೆಯಲ್ಲಿ ಆ ವಿಷಯ ಯಾರೂ ಆಡಿಲ್ಲ.

ಅವರನ್ನು ನಾನು ದೂರುತ್ತಿಲ್ಲ. ನಾವೆಲ್ಲ ಒಪ್ಪಿಗೆ ಹೇಳುವುದೇ ಹಾಗೆ. ನಮ್ಮ ಕಡೆಯವರು ಇನ್ನೊಬ್ಬರ ಮಾತಿಗೆ ಜಾಗ ಬಿಟ್ಟು ತಮ್ಮ ಮಾತು ಆಡುತ್ತಾರೆ. "ನಿಮ್ಮಿಷ್ಟ", "ನೀವು ಹೇಳಿದ ಹಾಗೆ", "ಮನೇಲಿ ಕೇಳಿ ಹೇಳ್ತೀನಿ", "ಅಡ್ಡಿಯಿಲ್ಲ". ಇದರಲ್ಲಿ ಮರ್ಯಾದೆಯಿದೆ, ಇನ್ನೊಬ್ಬರನ್ನು ದಾಟಿ ಹೋಗಬಾರದು ಎಂಬ ಒಳ್ಳೆಯತನವಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು ಸಾಕು" ಅನ್ನುವವರ ಬೆರಳ ಸಂದಿಯಲ್ಲಿ ಒಂದು ಹೋಳಿಗೆ ಜಾರುವಷ್ಟು ಜಾಗ ಇರುತ್ತದೆ. ಬಡಿಸುವವನಿಗೆ ಅದು ಗೊತ್ತು, ಉಣ್ಣುವವರಿಗೂ ಗೊತ್ತು. ಪಂಕ್ತಿಯಲ್ಲಿ ಇದು ಚೆಂದವೇ. ಬಡಿಸುವವನು ಇನ್ನೊಂದು ಸುತ್ತು ಬರುತ್ತಾನೆ, ಅವಸರವಿಲ್ಲ. ಸಾವಿನ ಮನೆಯಲ್ಲಿ ಎರಡನೇ ಸುತ್ತು ಇಲ್ಲ.

ನಿಮ್ಮಜ್ಜಿ, ಅಪ್ಪನ ಅಮ್ಮ, ಯಾವ ದೊಡ್ಡ ಕೆಲಸಕ್ಕೂ ಮನೆದೇವರ ಅಪ್ಪಣೆ ಕೇಳುತ್ತಿದ್ದರು. ಈ ಮನೆ ಕೊಳ್ಳುವಾಗಲೂ ಊರಿಗೆ ಹೋಗಿ ಹೂ ಪ್ರಸಾದ ಕೇಳಿಕೊಂಡು ಬಂದರು. ದೇವರ ಬಲಗಡೆಯಿಂದ ಹೂ ಜಾರುವವರೆಗೆ ಕದಲಲಿಲ್ಲ. ಅರ್ಚಕರು "ಆಯ್ತಲ್ಲಮ್ಮ, ಆಶೀರ್ವಾದ ಇದ್ದೇ ಇರುತ್ತೆ" ಅಂದರೂ ಎದ್ದು ಬರಲಿಲ್ಲವಂತೆ. ದೇವರ ಹತ್ತಿರ ಅಷ್ಟು ಖಂಡಿತವಾಗಿ ಕೇಳುತ್ತಿದ್ದ ಆ ಹೆಂಗಸು, ಸೊಸೆಯಾದ ನನಗೆ ಮೈಸೂರು ಸಿಲ್ಕ್ ಬೇಕೋ ಬೇರೆ ಸೀರೆ ಬೇಕೋ ಎಂದು ಒಂದು ದಿನ ಕೇಳಿದವರಲ್ಲ. ನಾನೂ ಹೇಳಿದವಳಲ್ಲ.

ನನ್ನ ಮದುವೆಯ ಒಪ್ಪಿಗೆಯ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ. ತಿಪಟೂರಿನ ಮನೆಯ ನಡುಮನೆ, ಉಪ್ಪಿಟ್ಟು, ಕೇಸರಿಬಾತ್, ಹತ್ತು ಹದಿನೈದು ಜನ. ಗಂಡಿನ ಕಡೆಯವರು "ಹುಡುಗಿಗೆ ಒಪ್ಪಿಗೆಯಾ?" ಅಂದರು. ನಾನು ತಲೆ ಬಗ್ಗಿಸಿಕೊಂಡು ಕೂತಿದ್ದೆ. ದೊಡ್ಡಮ್ಮ "ತಲೆ ಬಗ್ಗಿಸಿದ್ದಾಳಲ್ಲ, ಇನ್ನೇನು" ಅಂದುಬಿಟ್ಟರು. ಎಲ್ಲರೂ ನಕ್ಕರು, ತಾಂಬೂಲ ಬದಲಾಯಿತು. ಪುಟ್ಟಿ, ನನಗೆ ಒಪ್ಪಿಗೆಯೇ ಇತ್ತು. ಅಪ್ಪ ಬಂದವರೇ ಚಪ್ಪಲಿಯನ್ನು ಸಾಲಾಗಿ ಜೋಡಿಸಿಟ್ಟು ಒಳಗೆ ಬಂದದ್ದನ್ನು ಕಿಟಕಿಯಿಂದ ನೋಡಿದ್ದೆ, ಆಗಲೇ ಇಷ್ಟವಾಗಿತ್ತು. ಆದರೆ ಅದು ಯಾರಿಗೂ ಗೊತ್ತಾಗಲಿಲ್ಲ. ಎಷ್ಟೋ ವರ್ಷದ ಮೇಲೆ, ನೀನು ಹುಟ್ಟಿದ ಮೇಲೆ, ಒಂದು ರಾತ್ರಿ ಅಪ್ಪ ಕೇಳಿದರು: "ಅವತ್ತು ನಿನಗೆ ನಿಜವಾಗಲೂ ಇಷ್ಟ ಇತ್ತೇನೇ?" ಅಷ್ಟು ವರ್ಷ ಆ ಪ್ರಶ್ನೆ ಇಟ್ಟುಕೊಂಡೇ ನನ್ನ ಜೊತೆ ಬಾಳಿದ್ದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ನಿನ್ನ ಸಂಬಂಧ ಬಂದಾಗ ನಾನು ಅಡುಗೆಮನೆಯ ಬಾಗಿಲು ಹಾಕಿ ನಿನ್ನನ್ನು ಕೇಳಿದ್ದು. ನೀನು ಹೂಂ ಅಂದೆ. ನಿನ್ನ ಹೂಂ ನನಗೆ ಗೊತ್ತಿಲ್ಲವೇ? ಹೂಂ ಅಂದು ಭರತನಾಟ್ಯದ ಕ್ಲಾಸಿಗೆ ಸೇರಿ ತಿಂಗಳಿಡೀ ಹೊಟ್ಟೆನೋವು ಅಂದವಳು. ಹೂಂ ಅಂದು ಸೈನ್ಸ್ ತೆಗೆದುಕೊಂಡು ರಾತ್ರಿ ಹೊದಿಕೆಯೊಳಗೆ ಅತ್ತವಳು. "ಬಾಯಿಬಿಟ್ಟು ಹೇಳು" ಅಂದೆ. ನೀನು ಸಿಂಕಿನ ಕಡೆ ತಿರುಗಿಕೊಂಡು "ಆಗ್ತೀನಮ್ಮ, ಅವರನ್ನೇ ಆಗ್ತೀನಿ" ಅಂದೆ. ಆವತ್ತಿನಿಂದ ನಾನು ಒಂದು ದಿನವೂ ಚಿಂತೆ ಮಾಡಿಲ್ಲ. ಅಂಥ ಮಾತು ನನಗೆ ಈಗ ಇನ್ನೊಂದು ಬೇಕು.

ಹಾಗೆಂದು ನಿನಗೆ ಮನಸ್ಸು ತೋರಿಸಲು ಬರುವುದಿಲ್ಲ ಎಂದಲ್ಲ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಮೂರನೇ ರಾತ್ರಿ ಯಾರು ಉಳಿಯುವುದು ಎಂದು ನಾವೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ನೀನು ಶಾಲು ಹೊದ್ದುಕೊಂಡು "ನಾನಿರ್ತೀನಿ, ನೀವು ಹೋಗಿ ಮಲಗಿ" ಅಂದೆ. ಪರೀಕ್ಷೆ ಎದುರಿಗಿತ್ತು. ಯಾರೂ ನಿನ್ನನ್ನು ಕೇಳಿರಲಿಲ್ಲ. ಆ ದಿನ ಮಾತಾಡಿದ ಹುಡುಗಿಯನ್ನೇ ಉದ್ದೇಶಿಸಿ ಈ ಕಾಗದ ಬರೆಯುತ್ತಿದ್ದೇನೆ.

ಇನ್ನು ಕಣ್ಣೇ ಯಾಕೆ ಎಂಬ ಮಾತು. ನಿನ್ನ ಸೋದರಮಾವನ ಎಡಗಣ್ಣು ಅದಕ್ಕೆ ಕಾರಣ. ನೀನು ಆಗ ತುಂಬ ಚಿಕ್ಕವಳು. ಅವನು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಒಂದು ಕಬ್ಬಿಣದ ಚೂರು ಸಿಡಿದು ಕಣ್ಣಿಗೆ ಬಿತ್ತು. ಶರಟಿನ ತುದಿಯಲ್ಲಿ ಒರೆಸಿಕೊಂಡು ಶಿಫ್ಟ್ ಮುಗಿಸಿದ. ಹುಣ್ಣಾಯಿತು, ವಾಸಿಯಾಗುವ ಹೊತ್ತಿಗೆ ಕಣ್ಣಿಗೆ ಹೂ ಬಿದ್ದಿತ್ತು. ಆ ಕಣ್ಣಿಗೆ ಬೆಳಕು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಎಡಗಡೆಯಿಂದ ಬಂದವರು ಯಾರೆಂದು ದನಿಯಿಂದ ಗುರುತಿಸುತ್ತಿದ್ದ.

ನಮ್ಮ ಈ ಭಾಗದವರಿಗೆ ಕಣ್ಣಿನ ಆಸ್ಪತ್ರೆ ಹೊಸದಲ್ಲ. ಬಸವೇಶ್ವರನಗರದ ಕಡೆ ಹೋಗುವ ಬಸ್ಸಿನ ಕಂಡಕ್ಟರು ಈಗಲೂ "ಮೋದಿ ಆಸ್ಪತ್ರೆ" ಎಂದು ಕೂಗುತ್ತಾರಲ್ಲ, ಆ ಡಾಕ್ಟರ್ ಎಂ. ಸಿ. ಮೋದಿ ಬೀಳಗಿಯವರು. ಊರೂರಿಗೆ ಹೋಗಿ ಶಿಬಿರ ಹಾಕಿ ಸಾಲುಸಾಲಾಗಿ ಜನರ ಕಣ್ಣಿನ ಪೊರೆ ತೆಗೆದವರು. 1968ರಲ್ಲಿ ಪದ್ಮಭೂಷಣ ಬಂತು. ನಿಮ್ಮಜ್ಜಿಗೂ ಅವರ ಶಿಬಿರದಲ್ಲೇ ಪೊರೆ ತೆಗೆದದ್ದು. ಆದರೆ ಪೊರೆ ತೆಗೆಯಲು ಡಾಕ್ಟರ ಕೈಯೊಂದು ಚೆನ್ನಾಗಿದ್ದರೆ ಸಾಕು. ನಿನ್ನ ಮಾವನಿಗೆ ಹಾಳಾಗಿದ್ದುದು ಕಾರ್ನಿಯಾ, ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರ. ಅವನ ಸ್ಥಿತಿಗೆ ಬಂದ ಕಣ್ಣಿಗೆ ಔಷಧಿ ಇಲ್ಲ, ಇನ್ನೊಬ್ಬ ಮನುಷ್ಯನದೇ ಬೇಕು. ಎಂದರೆ ಇನ್ನೊಂದು ಮನೆಯ ಒಪ್ಪಿಗೆ ಬೇಕು.

ಕಾಯ್ದ. ಒಂದು ಸಂಜೆ "ಕಣ್ಣು ಬಂದಿದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಫೋನ್ ಬಂತು. ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಹೊಲಿಗೆ ಹಾಕಿದರು. ತಿಂಗಳುಗಟ್ಟಲೆ ಹನಿ ಔಷಧಿ, ಆಮೇಲೆ ಒಂದೊಂದೇ ಹೊಲಿಗೆ ಬಿಚ್ಚುವುದು. ಕೊನೆಗೆ ನವರಂಗ್ ಥಿಯೇಟರಿನ ಹತ್ತಿರ ನಿಂತು, ಬರುತ್ತಿದ್ದ ಬಸ್ಸಿನ ಬೋರ್ಡನ್ನು ಬಲಗಣ್ಣು ಮುಚ್ಚಿಕೊಂಡು ಜೋರಾಗಿ ಓದಿದ. ನಾನು ಪಕ್ಕದಲ್ಲಿದ್ದೆ. ಕೊಟ್ಟವರು ಯಾರು ಎಂದು ಕೇಳಿದ, ಹೇಳುವಂತಿಲ್ಲ ಎಂದರು. ಅದೇ ಕ್ರಮ, ಕೊಟ್ಟವರ ಹೆಸರು ಪಡೆದವರಿಗೆ ತಿಳಿಸುವುದಿಲ್ಲ, ಪಡೆದವರ ಹೆಸರು ಕೊಟ್ಟವರ ಮನೆಗೆ ತಿಳಿಸುವುದಿಲ್ಲ. ಮಾವ ಮಹಾಲಯ ಅಮಾವಾಸ್ಯೆಯಲ್ಲಿ ನಮ್ಮ ಹಿರಿಯರ ಎಡೆಗಳ ಪಕ್ಕದಲ್ಲಿ ಒಂದು ಎಡೆ ಹೆಚ್ಚಿಗೆ ಇಡುತ್ತಾನಲ್ಲ, ಯಾರಿಗೆ ಎಂದು ನೀನು ಚಿಕ್ಕಂದಿನಲ್ಲಿ ಕೇಳುತ್ತಿದ್ದೆ. ಅವರಿಗೇ.

ಆ ಹೆಸರು ಗೊತ್ತಿಲ್ಲದ ಮನೆಯನ್ನು ನಾನು ಬಹಳ ಸಲ ನೆನೆದಿದ್ದೇನೆ. ಅಲ್ಲಿಯೂ ಒಂದು ಹಾಲ್, ಅಲ್ಲಿಯೂ ಭಾವ, ಅಳಿಯ, ಪಕ್ಕದ ಮನೆಯವರು. ಅವರ ನಡುವೆ ಯಾರೋ ಒಬ್ಬರು, ಮಗಳೋ ಹೆಂಡತಿಯೋ, ಅಳು ನಿಲ್ಲಿಸಿ "ಆಗಲಿ, ಕರೀರಿ" ಅಂದಿರಬೇಕು. ಹಾಗೆ ಅಂದದ್ದರಿಂದ ನನ್ನ ತಮ್ಮ ಮಗಳ ಮದುವೆಯಲ್ಲಿ ಧಾರೆ ಎರೆಯುವಾಗ ಎರಡೂ ಕಣ್ಣಿಂದ ಅವಳ ಮುಖ ನೋಡಿದ.

ಅಪ್ಪನನ್ನು ಒಪ್ಪಿಸಲು ಮಾತ್ರ ನನ್ನಿಂದ ಆಗಿರಲಿಲ್ಲ. ಕೇಳಿದಾಗಲೆಲ್ಲ "ನೋಡೋಣ". ಅಪ್ಪನ "ನೋಡೋಣ" ಎಂದರೆ ಏನೆಂದು ಸ್ಕೂಟರ್ ಕೇಳಿ ಸುಸ್ತಾದ ನಿನಗೆ ಹೇಳಬೇಕಾಗಿಲ್ಲ. 2021ರ ಅಕ್ಟೋಬರ್ 29, ಶುಕ್ರವಾರ, ನಟ ಪುನೀತ್ ರಾಜ್‌ಕುಮಾರ್ ಹೋದರು. ನಮ್ಮ ರಸ್ತೆಯಲ್ಲಿ ಅಂಗಡಿಗಳು ತಾವಾಗಿಯೇ ಬಾಗಿಲು ಹಾಕಿದವು. ಅಪ್ಪ ಯಾವ ನಟನಿಗೂ ಹಾರ ಹಾಕಿದವರಲ್ಲ, ಮಾರನೆಯ ದಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಸಾಲಿನಲ್ಲಿ ನಿಂತರು. ಅದಾಗಿ ಒಂದೆರಡು ದಿನಕ್ಕೆ ಟೀವಿಯಲ್ಲಿ ಡಾಕ್ಟರ್ ಭುಜಂಗ ಶೆಟ್ಟರ ಮಾತು ಬರುತ್ತಿತ್ತು. ನಮ್ಮ ಕಾರ್ಡ್ ರೋಡಿನ ನಾರಾಯಣ ನೇತ್ರಾಲಯದಲ್ಲಿ ಅವರ ತಂಡ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಎರಡಾಗಿ ಬಿಡಿಸಿ, ಎರಡು ಕಣ್ಣನ್ನು ನಾಲ್ಕು ಜನರಿಗೆ ಕೂಡಿಸಿತ್ತು. ಒಬ್ಬರಿಗೆ ಮುಂಭಾಗ ಮಾತ್ರ ಕೆಟ್ಟಿರುತ್ತದೆ, ಇನ್ನೊಬ್ಬರಿಗೆ ಹಿಂಭಾಗ ಮಾತ್ರ. ಯಾರಿಗೆ ಎಷ್ಟು ಬೇಕೋ ಅಷ್ಟು. ಜೀವಶಾಸ್ತ್ರ ಹೇಳಿಕೊಟ್ಟ ನನಗೇ ಅದು ಹೊಸದು.

ಅಪ್ಪ ಸೋಫಾದ ಮೇಲೆ ಕೂತು ಪೂರ್ತಿ ಕೇಳಿದರು. ಎದ್ದು ಕೈಕಾಲು ತೊಳೆದು ಬಂದು "ನಂದೂ ಬರ್ಸು" ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅಪ್ಪನ ಬಾಯಿಂದ ನಾನು ಕೇಳಿದ ಅತ್ಯಂತ ನೇರವಾದ ಮಾತು ಅದು. ಅವರ ಫಾರಂಗೆ ನಾನು ಸಾಕ್ಷಿ, ನನ್ನ ಫಾರಂಗೆ ಅವರು ಸಾಕ್ಷಿ.

ಪುನೀತ್ ಅವರ ಮನೆತನದ ವಿಷಯ ನಮ್ಮ ಬೀದಿಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ ಆದರೂ ಹೇಳುತ್ತೇನೆ, ಯಾಕೆಂದರೆ ಒಪ್ಪಿಗೆಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ನಾನು ಅವರನ್ನು ನೋಡಿ ತಿಳಿದೆ. ರಾಜ್‌ಕುಮಾರ್ ಅವರು ಅದೇ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರಬ್ಯಾಂಕನ್ನು ಉದ್ಘಾಟಿಸಿದ್ದು 1994ರಲ್ಲಿ. ತಮ್ಮ ಮನೆಯವರೆಲ್ಲರ ಕಣ್ಣನ್ನೂ ಕೊಡುವುದಾಗಿ ಅವತ್ತೇ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ಅವರು ಹೋದಾಗ ಊರೆಲ್ಲ ಹೊತ್ತಿ ಉರಿದಿತ್ತು, ನಿನಗೆ ನೆನಪಿರಬೇಕು, ನಿಮ್ಮನ್ನು ಎರಡು ದಿನ ಹೊರಗೆ ಬಿಟ್ಟಿರಲಿಲ್ಲ. ಆ ಗಲಾಟೆಯ ನಡುವೆಯೂ ಅವರ ಕಣ್ಣು ತಲುಪಬೇಕಾದವರಿಗೆ ತಲುಪಿತು. 2017ರಲ್ಲಿ ಪಾರ್ವತಮ್ಮನವರದೂ ಹಾಗೆಯೇ. ಆಮೇಲೆ ಮಗ ಪುನೀತ್ ಅವರದು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಶಿವನಿಗೆ ಕಣ್ಣು ಕಿತ್ತುಕೊಟ್ಟ ಪಾತ್ರದಿಂದ ನಾಯಕನಾದ ಮನುಷ್ಯ ಅವರು ಎಂಬುದನ್ನು ಜನ ಬಹಳ ಆಡುತ್ತಾರೆ. ನನ್ನ ಮನಸ್ಸು ತಟ್ಟುವುದು ಅದಕ್ಕಿಂತ ಸಾದಾ ಸಂಗತಿ. ನಲವತ್ತಾರು ವರ್ಷದ ತಮ್ಮ ಬೆಳಿಗ್ಗೆ ಇದ್ದವನು ಮಧ್ಯಾಹ್ನ ಇಲ್ಲ. ಆಸ್ಪತ್ರೆ ಬಾಗಿಲಲ್ಲಿ ಸಾವಿರಾರು ಜನ. ಅಂಥ ಹೊತ್ತಿನಲ್ಲೂ ಆ ಮನೆಯಲ್ಲಿ "ಏನು ಮಾಡೋಣ" ಎಂದು ಒಬ್ಬರ ಮುಖ ಒಬ್ಬರು ನೋಡುವ ಪ್ರಸಂಗ ಬರಲಿಲ್ಲ, ಯಾಕೆಂದರೆ ಮಾತು ಇಪ್ಪತ್ತೇಳು ವರ್ಷ ಮೊದಲೇ ಆಗಿತ್ತು. ನಂದಿನಿ ಲೇಔಟಿನ ಕಂಠೀರವ ಸ್ಟುಡಿಯೋದಲ್ಲಿ ಮೂವರೂ ಅಕ್ಕಪಕ್ಕ ಮಲಗಿದ್ದಾರೆ. ನಾನೂ ಅಪ್ಪನೂ ವರ್ಷಕ್ಕೊಮ್ಮೆ ಹೋಗಿ ಹೂವಿಟ್ಟು ಬರುತ್ತೇವೆ.

ಪುನೀತ್ ಹೋದ ವರ್ಷವೇ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕಿನಿಂದ ಬಿದ್ದು ಮೆದುಳು ನಿಷ್ಕ್ರಿಯವಾದಾಗ ಅವರ ಮನೆಯವರೂ ಅಂಗಾಂಗ ದಾನಕ್ಕೆ ಒಪ್ಪಿದರು. ಎದೆ ಬಡಿಯುತ್ತಿರುವುದು ಕಾಣುತ್ತಿರುವಾಗ ಆಗಲಿ ಅನ್ನುವುದು ಎಷ್ಟು ಕಷ್ಟ. ಅದರ ಮುಂದೆ ನಾನು ನಿನ್ನನ್ನು ಕೇಳುತ್ತಿರುವುದು ಸಣ್ಣದು.

ಕಾನೂನಿನ ಮಾತನ್ನೂ ತಿಳಿದುಕೊಂಡಿರು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಬದುಕಿದ್ದಾಗ ಸಾಕ್ಷಿಗಳ ಮುಂದೆ ಬರೆದುಕೊಟ್ಟದ್ದಕ್ಕೆ ಬೆಲೆಯಿದೆ. ಬರೆದುಕೊಡದೆ ಹೋದವರ ಪರವಾಗಿ ಹತ್ತಿರದ ಸಂಬಂಧಿಕರು ಒಪ್ಪಿಗೆ ಕೊಡಬಹುದು. ಆದರೆ ವ್ಯವಹಾರದಲ್ಲಿ, ಕಾರ್ಡಿದ್ದರೂ ಮನೆಯವರು ಮನಸ್ಸು ಮಾಡಿ ಕರೆದು ಸಹಿ ಹಾಕಿದರೇ ಮುಂದಿನದು. ಕಾರ್ಡ್ ತಾನಾಗಿ ಬೀರುವಿನಿಂದ ಎದ್ದು ಬರುವುದಿಲ್ಲ. ಸ್ಪೇನ್ ದೇಶದಲ್ಲಿ 1979ರಿಂದ ಬೇಡ ಎಂದು ಹೇಳದವರೆಲ್ಲ ಒಪ್ಪಿದವರೇ ಎಂದು ಕಾನೂನು. ಅಲ್ಲಿಯೂ ಡಾಕ್ಟರರು ಮನೆಯವರನ್ನು ಕೂರಿಸಿಕೊಂಡು ಕೇಳಿಯೇ ಮುಂದುವರಿಯುತ್ತಾರೆ. ಅದು ಸರಿ ಎಂದೇ ನನ್ನ ಅಭಿಪ್ರಾಯ. ದೇಹ ನನ್ನದಾದರೂ ಆ ದಿನದ ದುಃಖ ನಿಮ್ಮದು. ನಿಮ್ಮನ್ನು ಕೇಳದೆ ಯಾರೂ ನನ್ನ ಹತ್ತಿರ ಬರಬಾರದು.

ನಿನ್ನ ಭಯ ಏನಿರಬಹುದು ಎಂದು ಯೋಚಿಸಿದ್ದೇನೆ. ಅಮ್ಮನ ಮುಖ ಕೆಡುತ್ತದೆ ಎಂದಾದರೆ, ಕೆಡುವುದಿಲ್ಲ. ಅವರು ಮನೆಗೇ ಬರುತ್ತಾರೆ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದುಕೊಳ್ಳುತ್ತಾರೆ, ರೆಪ್ಪೆ ಮುಚ್ಚಿ ಹೋಗುತ್ತಾರೆ. ಕುಂಕುಮವಿಟ್ಟು ನೋಡು, ನಿನ್ನ ಅಮ್ಮನೇ. ಸಂಸ್ಕಾರ ತಡವಾಗುವುದಿಲ್ಲ. ಬಿಪಿ, ಸಕ್ಕರೆ, ಕನ್ನಡಕ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ, ವಯಸ್ಸೂ ಅಡ್ಡಿಯಲ್ಲ. ಏಡ್ಸ್, ಕಾಮಾಲೆಯ ಕೆಲವು ಬಗೆ, ರಕ್ತದ ಕ್ಯಾನ್ಸರ್, ಹುಚ್ಚುನಾಯಿ ರೋಗ, ಇಂಥವು ಇದ್ದರೆ ಅವರೇ ಬೇಡ ಅನ್ನುತ್ತಾರೆ. ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂದು ನಿಮ್ಮ ಅತ್ತೆಯವರು ಅಂದರೆ ಎದುರಾಡಬೇಡ, ದೊಡ್ಡವರು. "ಅಮ್ಮನ ಆಸೆ ಅತ್ತೆ" ಅನ್ನು, ಅಷ್ಟೇ ಸಾಕು.

ನಾನು ಮೊದಲು ಹೋದರೆ ಸಹಿ ಹಾಕಬೇಕಾದವರು ಅಪ್ಪ. ಅಪ್ಪ ಆಗ ಪೆನ್ನು ಹಿಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ ಎಂದು ನನಗೆ ಗೊತ್ತು. ಯಾರೋ "ಮಗಳು ಬರಲಿ" ಅನ್ನುತ್ತಾರೆ. ಹಾಸನದಿಂದ ಹೊರಟು, ನೆಲಮಂಗಲ ದಾಟಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿ ನೀನು ಇಲ್ಲಿ ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೇ ನೀನು ಬರುವವರೆಗೆ ಕಾಯಿಸಬೇಡ. ಫೋನಿನಲ್ಲೇ ಹೇಳು: "ಅಪ್ಪಾ, ನಾನು ಒಪ್ಪಿದೀನಿ, ಅಣ್ಣನೂ ಒಪ್ಪಿದಾನೆ, ಅಮ್ಮ ನನ್ನ ಹತ್ತಿರ ಹೇಳಿದಾಳೆ, ಈಗಲೇ ಫೋನ್ ಮಾಡ್ಸಿ ಸಹಿ ಹಾಕಪ್ಪಾ." ಅಪ್ಪನಿಗೆ ನಿನ್ನ ದನಿ ಕೇಳಿದರೆ ಕೈ ಬರುತ್ತದೆ. ಪಕ್ಕದ ಮನೆಯವರಿಗೆ ಫ್ಯಾನ್ ಆರಿಸಲು ಹೇಳು, ತಲೆ ಸ್ವಲ್ಪ ಎತ್ತರಕ್ಕೆ ದಿಂಬಿನ ಮೇಲಿರಲಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಲಿ. ನೇತ್ರಬ್ಯಾಂಕಿನ ನಂಬರ್ ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದ್ದೇನೆ, ನಿನ್ನ ಫೋನಿಗೂ ಕಳಿಸುತ್ತೇನೆ. ಅಪ್ಪ ಮೊದಲು ಹೋದರೆ ನನ್ನ ಚಿಂತೆ ಬೇಡ, ನಾನು ಫೋನ್ ಮಾಡುತ್ತೇನೆ. ಅಳುತ್ತಲೇ ಮಾಡುತ್ತೇನೆ, ಆದರೆ ಮಾಡುತ್ತೇನೆ.

ನಿನ್ನ ಅಣ್ಣನಿಗೂ ಬರೆದಿದ್ದೆ. ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಕಳಿಸಿದ. ಅಷ್ಟು ಸಾಲದು ಕಣೋ ಎಂದೆ. ಅಮೆರಿಕದಲ್ಲಿ ಅವನಿಗೆ ಬೆಳಗಾಗುವ ಮೊದಲೇ ಫೋನ್ ಮಾಡಿದ, ಬಹಳ ಹೊತ್ತು ಸುಮ್ಮನಿದ್ದ, ಆಮೇಲೆ "ಆಯ್ತಮ್ಮ, ನಿನ್ನ ಮಾತು ನಡೆಸ್ತೀನಿ. ನಾನು ಬರೋದು ತಡ ಆದರೂ ಕಾಯಬೇಡಿ ಅಂತ ಅವಳಿಗೆ ಹೇಳಿರ್ತೀನಿ" ಅಂದ. ಹೇಳಿದ್ದಾನೋ ಇಲ್ಲವೋ. ಕೇಳು.

ಈಗ ನಿನ್ನ ಮಾತು. ನಿನಗೆ ಇದು ಆಗದು ಅನ್ನಿಸಿದರೆ "ಆಗಲ್ಲಮ್ಮ" ಎಂದೇ ಬರೆ. ನಾನು ಬೇಸರಪಡುವುದಿಲ್ಲ, ಒತ್ತಾಯ ಮಾಡುವುದಿಲ್ಲ, ಇನ್ನೊಮ್ಮೆ ಈ ಮಾತೆತ್ತಿ ನಿನ್ನ ಮನಸ್ಸು ನೋಯಿಸುವುದಿಲ್ಲ. ಆ ಹೊತ್ತಿನ ಜವಾಬ್ದಾರಿಯನ್ನು ನಿನ್ನ ಸೋದರಮಾವನಿಗೆ ಒಪ್ಪಿಸುತ್ತೇನೆ. ಅವನು ಕಾಮಾಕ್ಷಿಪಾಳ್ಯದಲ್ಲೇ ಇದ್ದಾನೆ, ಹತ್ತು ನಿಮಿಷದ ದಾರಿ, ಈಗಾಗಲೇ ಕೇಳಿಟ್ಟಿದ್ದೇನೆ. ಅಮ್ಮನಿಗೆ ಬೇಡ ಅನ್ನಲು ಸಂಕೋಚ ಎಂದು ಮಾತ್ರ ಒಪ್ಪಿಕೊಳ್ಳಬೇಡ. ಹಾಗೆ ಒಪ್ಪಿದ್ದು ಆ ದಿನ ನಿನ್ನ ಗಂಟಲಿನಲ್ಲೇ ಉಳಿದುಬಿಡುತ್ತದೆ. ಒಪ್ಪಿಗೆಯಿದ್ದರೆ "ಒಪ್ಪಿದ್ದೇನೆ" ಎಂದು ಬರೆ, ನಿನ್ನ ಕೈಯಲ್ಲಿ, ಕಾಗದದ ಮೇಲೆ. ಅಪ್ಪ ಅದನ್ನು ಕಾರ್ಡಿನ ಜೊತೆ ಇಡುತ್ತಾರೆ. ಹೂಂ ಎಂದು ಬರೆಯಬೇಡ, ನೋಡೋಣ ಎಂದೂ ಬರೆಯಬೇಡ.

ಅವಸರವಿಲ್ಲ. ಅಳಿಯಂದಿರ ಜೊತೆಯೂ ಕೂತು ಮಾತಾಡು. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ನಾವೇ ಬರುತ್ತೇವೆ. ಮೊರ ವಿಜಯನಗರದ ಮಾರ್ಕೆಟ್ಟಿನಲ್ಲಿ ಚೆನ್ನಾಗಿರುವುದು ಸಿಕ್ಕಿದೆ. ಮಗುವಿಗೆ ಕೆಮ್ಮು ಕಡಿಮೆಯಾಯಿತೇ? ದೊಡ್ಡಪತ್ರೆ ರಸಕ್ಕೆ ಜೇನು ಸೇರಿಸಿ ಕೊಡು, ತಣ್ಣೀರು ಕುಡಿಸಬೇಡ. ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು.

ಇಂತಿ ನಿನ್ನ
ಅಮ್ಮ